ಟೀಚರಜ್ಜಿ ಕೇಳದ ಕಾರಣ

ಸಿಂಚನ, ಆದಿ,

ನಿಮ್ಮ ಟೀಚರಜ್ಜಿ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಮಣ್ಣು ಮುಗಿಸಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಸಿಂಚನ ನನ್ನ ಭುಜಕ್ಕೆ ತಲೆಯಿಟ್ಟು ಒಂದು ಮಾತು ಹೇಳಿದಳು. "ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅವರಿಗೆ ಒಂಬತ್ತು ದಿನ ಜ್ವರ ಬಂದಿತ್ತಲ್ಲಜ್ಜಿ. ಗೋಡೆ ಪಕ್ಕದಲ್ಲೇ ಇದ್ದು ಒಂದಿನಾನೂ ಹೋಗಿ ನೋಡ್ಲಿಲ್ಲ ನಾನು." ಅಷ್ಟು ಹೇಳಿ ಅವಳು ಬಸ್‌ಸ್ಟ್ಯಾಂಡ್ ಬರುವವರೆಗೂ ಅತ್ತಳು. ನಾನು ಅವಳ ಕೈ ಹಿಡಿದುಕೊಂಡಿದ್ದೆ.

ಆ ಜ್ವರದ ವಿಷಯದಲ್ಲಿ ನನಗೆ ಗೊತ್ತಿರುವುದು ಒಂದಿದೆ, ನಿಮಗೆ ಗೊತ್ತಿಲ್ಲ. ಹೇಳಿದರೆ ನನ್ನ ಮೇಲೆ ನಿಮಗಿರುವ ಪ್ರೀತಿ ಕಡಿಮೆಯಾದೀತು ಎಂಬ ಹೆದರಿಕೆಯಿಂದ ಇಷ್ಟು ದಿನ ಹೇಳಲಿಲ್ಲ. ಆದರೆ ಸಿಂಚನ ಅನ್ನ ಕಲಸಿಕೊಂಡು ಹಾಗೇ ಕೂರುವುದನ್ನು ನೋಡುತ್ತಾ ಸುಮ್ಮನಿರುವುದು ಇನ್ನೂ ಕಷ್ಟ. ನನಗೆ ಎದುರು ನಿಂತು ಮಾತಾಡುವುದು ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ಆದಿಯ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮೊದಲು ಅವರು ನನ್ನ ಕಣ್ಣಿಗೆ ಹೇಗೆ ಕಂಡರು ಎಂದು ಬರೆಯಬೇಕು. ಅದನ್ನು ಬಿಟ್ಟರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಅವರ ಹೆಸರು ಬರೆಯುವುದಿಲ್ಲ. ನೀವಿಟ್ಟ ಹೆಸರೇ ಇರಲಿ. ಆ ಹೆಸರೂ ನನಗೆ ಹಿಡಿಸಿರಲಿಲ್ಲ. ಟೀಚರ್ ಎಂದರೆ ಸಾಕಿತ್ತು, ಅದಕ್ಕೆ 'ಅಜ್ಜಿ' ಸೇರಿಸುವ ಅಗತ್ಯವೇನಿತ್ತು? ಅದು ನನ್ನ ಹೆಸರಲ್ಲವೇ?

ಅವರನ್ನು ನಾನು ಮೊದಲು ನೋಡಿದ್ದು ನಿಮ್ಮ ಅಮ್ಮ ಹೈಸ್ಕೂಲಿನಲ್ಲಿದ್ದಾಗ. ಆಗ ನಿಮ್ಮ ತಾತ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾವು ಕ್ವಾರ್ಟರ್ಸಿನಲ್ಲಿದ್ದೆವು. ಪೋಷಕರ ಸಭೆಗೆ ತಾತನಿಗೆ ಶಿಫ್ಟು ಎಂದು ನಾನು ಹೋದೆ. ಎಲ್ಲರೂ ಒಳಗೆ ಬೆಂಚಿನ ಮೇಲೆ ಕೂತರೆ ನಾನು ವರಾಂಡದ ಕಂಬದ ಹಿಂದೆ ನಿಂತೆ. ಒಳಗೆ ಹೋದರೆ ಸಹಿ ಹಾಕಲು ಹೇಳುತ್ತಾರೆ, ಏನಾದರೂ ಕೇಳುತ್ತಾರೆ ಎಂಬ ಭಯ. ಗಣಿತದ ಟೀಚರ್ ಹೊರಗೆ ಬಂದು ಕಂಬದ ಈ ಕಡೆಯಿಂದ ಇಣುಕಿ, "ಇಲ್ಲಿದ್ದೀರಾ? ನಿಮ್ಮ ಮಗಳು ಕಾರಣ ಬರೀತಾಳೆ ಕಣ್ರೀ. ಇಡೀ ಕ್ಲಾಸಲ್ಲಿ ಬಿಡದೆ ಬರೆಯೋಳು ಅವಳೊಬ್ಬಳೇ" ಎಂದರು. ಕಾರಣ ಬರೆಯುವುದು ಎಂದರೆ ಏನು ಎಂದು ನನಗೆ ಗೊತ್ತಾಗಲಿಲ್ಲ. ಹೊಗಳಿದರೋ ದೂರಿದರೋ ಅದೂ ತಿಳಿಯಲಿಲ್ಲ. "ಹೂಂ" ಎಂದು ಬಂದುಬಿಟ್ಟೆ. ದಾರಿಯುದ್ದಕ್ಕೂ ನಿಮ್ಮ ಅಮ್ಮ, ನಮ್ಮ ಟೀಚರ್ ಹಂಗೆ, ನಮ್ಮ ಟೀಚರ್ ಹಿಂಗೆ ಎಂದು ಹೇಳುತ್ತಲೇ ಇದ್ದಳು. 'ನಮ್ಮ' ಎನ್ನುವುದು ನನ್ನ ಕಿವಿಗೆ ಚುಚ್ಚಿತು. ಅವಳು ನನ್ನನ್ನು ಕರೆಯುವಾಗ ಬರಿಯ ಅಮ್ಮ, ಅವರು ಮಾತ್ರ ನಮ್ಮ ಟೀಚರ್.

ಶಂಕರಘಟ್ಟದಿಂದ ಒಳಗೆ ಮೂರು ಮೈಲಿ ನಡೆದರೆ ನನ್ನ ತವರೂರು. ಅಲ್ಲಿ ಏಳನೇ ಕ್ಲಾಸಿನವರೆಗೆ ಶಾಲೆ. ಲೆಕ್ಕದಲ್ಲಿ ನಾನು ಚುರುಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಆದರೆ ರೇಖಾಗಣಿತದ ಪ್ರಮೇಯ ಸಾಧಿಸುವುದು ಹೈಸ್ಕೂಲಿನಲ್ಲಿ ಶುರು. ಹೈಸ್ಕೂಲಿಗೆ ಊರು ಬಿಟ್ಟು ಹೋಗಬೇಕು, ಹೆಣ್ಣುಮಗಳನ್ನು ಯಾರು ಕಳಿಸುತ್ತಾರೆ? ತ್ರಿಭುಜಗಳು ಶುರುವಾಗುವ ಮೊದಲೇ ನನ್ನ ಶಾಲೆ ಮುಗಿಯಿತು. ಇದನ್ನು ಯಾಕೆ ಬರೆದೆ ಎಂದರೆ, ಆ ಟೀಚರಿಗೂ ನನಗೂ ವಯಸ್ಸಿನಲ್ಲಿ ಒಂದು ವರ್ಷದ ಅಂತರವೂ ಇರಲಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಿಮ್ಮ ಜೊತೆ ಇರಲು ಬಂದೆನಲ್ಲ, ಅದಾಗಿ ಎರಡನೇ ವರ್ಷಕ್ಕೆ ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಯಾರು ಎಂದು ನೋಡಿದರೆ ಅವರೇ. ರಿಟೈರ್ ಆಗಿದ್ದರು. ಮದುವೆ ಆಗಿರಲಿಲ್ಲ. ಭದ್ರಾವತಿಯಲ್ಲಿ ತಮ್ಮನ ಮನೆ ಇದ್ದರೂ ತನ್ನ ಪಾಡಿಗೆ ತಾನಿರುತ್ತೇನೆ ಎಂದು ಬಂದಿದ್ದರಂತೆ. ನಿಮ್ಮ ಅಮ್ಮ ಗೇಟಿನಲ್ಲಿ ಅವರನ್ನು ಕಂಡು ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು ಓಡಿದಳು. ಆಫೀಸಿನಿಂದ ಬಂದು ಮೊದಲು ನನಗೆ ಮುಖ ತೋರಿಸುತ್ತಿದ್ದವಳು ಅವತ್ತು ಅರ್ಧ ಗಂಟೆ ಅವರ ಬಾಗಿಲಲ್ಲೇ ನಿಂತಿದ್ದಳು. ಆ ಚೀಲವನ್ನು ಒಳಗೆ ತಂದವಳು ನಾನು.

ನಮ್ಮದು ಜೋಡಿ ಮನೆ. ಮಧ್ಯೆ ಒಂದೇ ಗೋಡೆ. ನಮ್ಮ ಅಡುಗೆಮನೆ ಎಡಕ್ಕಿದ್ದರೆ ಅವರದು ಬಲಕ್ಕೆ, ಉಳಿದಿದ್ದೆಲ್ಲ ಅಳತೆಯಿಟ್ಟ ಹಾಗೆ ಒಂದೇ. ಹಿತ್ತಲು ಮತ್ತು ಒಗೆಯುವ ಕಲ್ಲು ಇಬ್ಬರಿಗೂ ಸೇರಿದ್ದು. ಕಲ್ಲಿನ ಹತ್ತಿರ ಅವರು ಎದುರಾದಾಗಲೆಲ್ಲ ನಾನು ಒಳಗೊಳಗೇ ಹೋಲಿಸುತ್ತಿದ್ದೆ. ಎತ್ತರ ಇಬ್ಬರದೂ ಒಂದೇ. ನನಗೂ ಕನ್ನಡಕ, ಅವರಿಗೂ ಕನ್ನಡಕ. ನನ್ನ ಹಾಗೆ ಅವರೂ ಎಡಗಾಲು ಸ್ವಲ್ಪ ಎಳೆದು ಹಾಕುತ್ತಿದ್ದರು. ಇಷ್ಟೆಲ್ಲ ಒಂದೇ ಇದ್ದ ಮೇಲೆ ಅವರು ಮಾತಾಡಿದರೆ ಬೀದಿಯವರೆಲ್ಲ ನಿಂತು ಕೇಳುವುದು, ನಾನು ಬಾಯಿ ತೆರೆದರೆ ನನಗೇ ನಾಚಿಕೆಯಾಗುವುದು ಯಾಕೆ ಎಂದು ಎಷ್ಟು ಯೋಚಿಸಿದರೂ ಬಗೆಹರಿಯುತ್ತಿರಲಿಲ್ಲ.

ಅವರ ಅಪ್ಪ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವರಂತೆ. ಮನೆಮಾತು ತಮಿಳು. ಒಗೆದ ಬಟ್ಟೆಯನ್ನು ಬಾಯಲ್ಲೇ ಒಣ್ಣು, ರೆಂಡು, ಮೂಣು ಎಂದು ಎಣಿಸುತ್ತಿದ್ದರು. ಪಾಠಕ್ಕೆ ಕೂತರೆ ಮಾತ್ರ ಅಚ್ಚ ಪುಸ್ತಕದ ಕನ್ನಡ. ಮಾತಿನ ಮಧ್ಯೆ ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೆರಳಿನಲ್ಲಿ ಚಾಕ್‌ಪೀಸಿನ ಪುಡಿ ಇನ್ನೂ ಅಂಟಿದೆ ಎನ್ನುವ ಹಾಗೆ. ಮಕ್ಕಳನ್ನು 'ಕಣ್ಣು' ಎಂದು ಕರೆಯುವರು. ತಮಿಳಿನಲ್ಲಿ ಅದು ಮುದ್ದಿನ ಮಾತಂತೆ. ಯಾರು ಏನೇ ಹೇಳಲಿ ಅವರದು ಒಂದೇ ಪ್ರಶ್ನೆ: "ಕಣ್ಣು, ಕಾರಣ ಎಲ್ಲಿ?"

ರೇಖಾಗಣಿತದಲ್ಲಿ ಒಂದೊಂದು ಹೇಳಿಕೆಯ ಎದುರೂ ಅದು ಯಾಕೆ ನಿಜ ಎಂದು ಕಾರಣ ಬರೆಯಬೇಕಂತೆ. ಆದರೆ ಅವರ ಪ್ರಶ್ನೆ ಲೆಕ್ಕಕ್ಕೆ ಮಾತ್ರ ಅಲ್ಲ. ಆದಿ ಒಂದು ದಿನ ಅವರ ಮನೆಯ ಬಾಳೆಹಣ್ಣು ಬೇಡ ಎಂದ. ಕಾರಣ ಎಲ್ಲಿ ಎಂದರು. ಹೊಟ್ಟೆ ತುಂಬಿದೆ ಎಂದ. "ಇದು ಹೇಳಿಕೆ ಆಯ್ತು. ಕಾರಣ?" ಕೊನೆಗೆ ಅವನು, ನಮ್ಮಜ್ಜಿ ಈಗಷ್ಟೇ ಮೂರು ದೋಸೆ ತಿನ್ನಿಸಿದ್ದಾಳೆ ಎಂದಾಗ, "ಈಗ ಒಪ್ಪಿದೆ, ಹೋಗು" ಎಂದು ಬಿಟ್ಟರು. ತರಕಾರಿ ಗಾಡಿಯವನು ಬದನೆಕಾಯಿ ತಾಜಾ ಎಂದರೆ ಅವನಿಗೂ ಅದೇ ಪ್ರಶ್ನೆ. ಅವನು ನಗುತ್ತಾ, "ಕಾರಣ ಕೇಳಿದ್ರೆ ಬದನೆಕಾಯಿ ಬಾಡೋಗುತ್ತೆ ಟೀಚರಮ್ಮ" ಎನ್ನುತ್ತಿದ್ದ.

ಅವರ ಪಾಠ ನನ್ನ ಕಿವಿಗೆ ಮೊದಲು ಬಿದ್ದ ಸಂಜೆ ನಾನು ಮಾಡಿಕೊಂಡ ಅವಾಂತರ ಸಿಂಚನಳಿಗೆ ಗೊತ್ತಿದೆ, ಆದಿಗೆ ಗೊತ್ತಿಲ್ಲ. ಸಿಂಚನ ಆಗ ಒಂಬತ್ತನೇ ಕ್ಲಾಸು. ಕೊರೊನಾ ಕಾಲದ ಎರಡು ವರ್ಷ ಫೋನಿನಲ್ಲೇ ಪಾಠ ಕೇಳಿ ರೇಖಾಗಣಿತ ಎಂದರೆ ಅಳುವ ಹಾಗಾಗಿದ್ದಳು. ದಿನಾ ಸಂಜೆ ಕೇರಿಯ ಐದಾರು ಮಕ್ಕಳ ಜೊತೆ ಅವಳನ್ನೂ ಕಳಿಸು ಎಂದು ಟೀಚರೇ ನಿಮ್ಮ ಅಮ್ಮನಿಗೆ ಹೇಳಿದ್ದರು. ಮೊದಲ ಸಂಜೆ ಅವಳು ಉಪ್ಪಿಟ್ಟು ತಿನ್ನುತ್ತಿದ್ದಳು. ಗೋಡೆಯ ಆ ಕಡೆಯಿಂದ ಟೀಚರ ಧ್ವನಿ ಕೇಳಿಸಿತು: "ಬಾ, ಬಾ, ಬಾ." ಸ್ವಲ್ಪ ಹೊತ್ತಿಗೆ ಮತ್ತೆ, "ಬಾ, ಬಾ, ಬಾ." ನನಗೆ ಸಿಟ್ಟು ಬಂತು. ಮಗುವಿಗೆ ತಿನ್ನಲೂ ಬಿಡದೆ ಕರೆಯುವುದೆಂದರೇನು? ಅಂಥ ನಾಚಿಕೆಯವಳಾದ ನಾನೇ ಹಿತ್ತಲಿಗೆ ಹೋಗಿ ಅವರ ಕಿಟಕಿಯ ಹತ್ತಿರ ನಿಂತು, "ಅವಳು ತಿಂಡಿ ತಿಂತಿದಾಳೆ ಟೀಚರೇ, ಎಷ್ಟು ಸಲ ಕರೀತೀರಿ, ತಿಂದು ಬರ್ತಾಳೆ" ಎಂದುಬಿಟ್ಟೆ.

ಒಳಗೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಟೀಚರ್ ನಗಲಿಲ್ಲ. ಕಿಟಕಿಗೆ ಬಂದು, ಬಾ ಎಂದರೆ ಬಾಹು, ಕೋ ಎಂದರೆ ಕೋನ ಎಂದು ನನಗೂ ಒಬ್ಬ ವಿದ್ಯಾರ್ಥಿಗೆ ಹೇಳುವ ಹಾಗೆ ಹೇಳಿದರು. ಎರಡು ತ್ರಿಭುಜಗಳು ಸರ್ವಸಮ, ಅಂದರೆ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂಡುತ್ತವೆ ಎಂದು ತೋರಿಸಬೇಕಾದರೆ ಆರೂ ಅಳತೆ ಬೇಕಿಲ್ಲ. ಮೂರು ಬಾಹು ಸಮವಿದ್ದರೆ ಸಾಕು, ಅದು ಬಾ ಬಾ ಬಾ. ಎರಡು ಬಾಹು, ಅವುಗಳ ನಡುವಿನ ಕೋನ ಸಮವಿದ್ದರೂ ಸಾಕು, ಅದು ಬಾ ಕೋ ಬಾ. "ಆದ್ರೆ ಮೂರೂ ಕೋನ ಇಟ್ಕೊಂಡು ಕೋ ಕೋ ಕೋ ಅಂದ್ರೆ ಅದು ಬರೀ ಕೋಳಿ ಕೂಗು. ಆಕಾರ ಒಂದೇ ಇರುತ್ತೆ, ಒಂದು ಸಣ್ಣದು, ಒಂದು ದೊಡ್ಡದು ಆಗಬಹುದು." ನಾನು ತಲೆಯಾಡಿಸಿ ಬಂದೆ. ಮುಖ ಬಿಸಿಯಾಗಿತ್ತು. ಆದರೆ ಅವರು ಹೇಳಿದ್ದು ಒಂದೇ ಸಲಕ್ಕೆ ತಿಳಿದಿತ್ತು. ಅದೇ ನನಗೆ ಇನ್ನೂ ಉರಿ. ಐವತ್ತು ವರ್ಷದ ಹಿಂದೆ ಇಂಥವರೊಬ್ಬರು ನಮ್ಮೂರಿಗೆ ಬಂದಿದ್ದರೆ?

ಆಮೇಲೆ ದಿನಾ ಸಂಜೆ ನಾನು ಗೋಡೆಯ ಪಕ್ಕದಲ್ಲೇ ಸೊಪ್ಪು ಬಿಡಿಸಲು ಕೂರುವುದು ರೂಢಿಯಾಯಿತು. ಬಾ ಬಾ ಕೋ, ಅಂದರೆ ಎರಡು ಬಾಹು ಮತ್ತು ಅವುಗಳ ನಡುವೆ ಇಲ್ಲದ ಒಂದು ಕೋನ, ಯಾಕೆ ನಡೆಯುವುದಿಲ್ಲ ಎಂದು ಅವರು ಹಿತ್ತಲಲ್ಲಿ ತೋರಿಸಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಒಗೆಯುವ ಕಲ್ಲಿನ ಮೇಲೆ ಚಾಕ್‌ಪೀಸಿನಲ್ಲಿ ಒಂದು ಅಡ್ಡಗೆರೆ ಎಳೆದರು. ಅದರ ತುದಿಯಿಂದ ಒಂದು ತೆಂಗಿನ ಕಡ್ಡಿಯನ್ನು ಓರೆಯಾಗಿಟ್ಟರು. ಆ ಕಡ್ಡಿಯ ಮೇಲಿನ ತುದಿಗೆ ಇನ್ನೊಂದು ಚಿಕ್ಕ ಕಡ್ಡಿ ಸೇರಿಸಿ ಬಾಗಿಲಿನ ಹಾಗೆ ತಿರುಗಿಸಿದರು. ಅದು ಅಡ್ಡಗೆರೆಯನ್ನು ಇಲ್ಲೊಂದು ಕಡೆ ಮುಟ್ಟಿತು, ಅಲ್ಲೊಂದು ಕಡೆ ಮುಟ್ಟಿತು. "ಅಳತೆ ಅದೇ, ತ್ರಿಭುಜ ಎರಡು. ಯಾವುದನ್ನ ನಂಬ್ತೀಯ ಮಾರಾಯ್ತಿ?" ಎಂದು ಸಿಂಚನಳನ್ನು ಕೇಳಿದರು. ಅವಳು ಬಾಯಿ ತೆರೆದು ನೋಡುತ್ತಿದ್ದಳು. ನಾನು ಎಷ್ಟು ಕಥೆ ಹೇಳಿದ್ದರೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

ಮಾರನೇ ಬೆಳಿಗ್ಗೆ ಬಟ್ಟೆ ಒಗೆಯಲು ಹೋದಾಗ ಕಲ್ಲಿನ ಮೇಲೆ ಆ ಚಿತ್ರ ಹಾಗೇ ಇತ್ತು. ಶಾಲೆಗೆ ಹೋಗುವ ಮೊದಲು ಬರೆದುಕೊಳ್ಳುತ್ತೇನೆ, ಅಳಿಸಬೇಡ ಅಜ್ಜಿ ಎಂದು ಸಿಂಚನ ರಾತ್ರಿಯೇ ಹೇಳಿದ್ದಳು. ನಾನು ಒಂದು ಬಿಂದಿಗೆ ನೀರು ಹುಯ್ದೆ. ಕೇಳಿದಾಗ ಮರೆತೆ ಎಂದೆ. ಮರೆತಿರಲಿಲ್ಲ.

ಅವಳು ಸಂಜೆ ಐದೂವರೆಗೆ ಬಂದು, ಬ್ಯಾಗು ಎಸೆದು, ನಿಂತೇ ತಿಂದು ಓಡುವಳು. ಮೊದಲು ಹಾಗಿರಲಿಲ್ಲ. ನಾನು ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವಷ್ಟು ಹೊತ್ತು ಶಾಲೆಯ ಸುದ್ದಿಯೆಲ್ಲ ನನಗೆ ಹೇಳುತ್ತಿದ್ದಳು. ಈಗ ಆ ಸುದ್ದಿಗಳೂ ಗೋಡೆಯ ಆ ಕಡೆಯಿಂದ ನನಗೆ ಕೇಳಿಸುತ್ತಿದ್ದವು. ಒಂದು ದಿನ ಅವಳ ಜಡೆಯನ್ನೂ ಅವರೇ ಹೆಣೆದಿದ್ದರು. ಮೂರು ಕಾಲಿನ ಜಡೆಯಲ್ಲಿ ಏನೋ ಲೆಕ್ಕ ತೋರಿಸಲು ಬಿಚ್ಚಿ ಹಾಕಿದರಂತೆ. ನನ್ನ ಜಡೆಗಿಂತ ಬಿಗಿಯಾಗಿತ್ತು, ಚೆನ್ನಾಗಿಯೂ ಇತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಕಲ್ಲಿನ ಹತ್ತಿರ ಟೀಚರಿಗಾಗಿ ಕಾದೆ. ಅವರು ಬಂದಾಗ, ಸಿಂಚನಳನ್ನು ಅವಳ ಅಪ್ಪ ರಾಗಿಗುಡ್ಡದ ಹತ್ತಿರ ಟ್ಯೂಷನ್ನಿಗೆ ಸೇರಿಸಿದ್ದಾರೆ, ಶಾಲೆಯಿಂದ ಹಾಗೇ ಹೋಗುತ್ತಾಳೆ, ಇನ್ನು ಬರುವುದಿಲ್ಲ ಎಂದೆ. ಜೀವನದಲ್ಲಿ ನಾನು ಅವರ ಎದುರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವರು ಬೆರಳು ಉಜ್ಜಿದರು. ಕಾರಣ ಎಲ್ಲಿ ಎಂದು ಈಗ ಕೇಳುತ್ತಾರೆ ಎಂದುಕೊಂಡೆ. ಅವರು, "ಒಳ್ಳೇದಾಯ್ತು ಬಿಡಿ" ಎಂದಷ್ಟೇ ಹೇಳಿ ಬಕೆಟ್ ಎತ್ತಿಕೊಂಡು ಹೋದರು.

ಸಂಜೆ ಸಿಂಚನ ಬಂದಾಗ, ಟೀಚರಜ್ಜಿಗೆ ಜ್ವರ, ಅಂಟುಜ್ವರ, ಯಾರೂ ಹತ್ತಿರ ಬರಬಾರದು ಎಂದಿದ್ದಾರೆ, ಕಿಟಕಿಯಲ್ಲೂ ಕರೆಯಬೇಡ ಎಂದೆ. ಕೊರೊನಾ ನೋಡಿದ್ದ ಮಗು, ನಂಬಿತು. ನಿಮ್ಮ ಅಮ್ಮ ಆಗ ದಿನಾ ಶಂಕರಘಟ್ಟದ ಬಸ್ಸು ಹಿಡಿದು ಆಫೀಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಅವಳಿಗೂ ನಿಮ್ಮ ಅಪ್ಪನಿಗೂ ಅದನ್ನೇ ಹೇಳಿದೆ.

ಸಿಂಚನ, ಇದೇ ಆ ಮಾತು. ಜ್ವರ ಇರಲಿಲ್ಲ.

ಆ ಒಂಬತ್ತು ದಿನ ನೀನು ನನ್ನವಳಾಗಿದ್ದೆ. ಜಡೆ ಹಾಕಿಸಿಕೊಂಡೆ, ತಿಂಡಿಯನ್ನು ಕೂತು ತಿಂದೆ. ಉಳಿದ ಮಕ್ಕಳಿಗೆ ಪರೀಕ್ಷೆ ಹತ್ತಿರವೆಂದು ಅವರ ಶಾಲೆಯಲ್ಲೇ ಸಂಜೆ ಕ್ಲಾಸು ಇಟ್ಟಿದ್ದರಿಂದ ಯಾರೂ ಬರುತ್ತಿರಲಿಲ್ಲ. ಗೋಡೆಯ ಆ ಕಡೆ ಬಾ ಇಲ್ಲ, ಕೋ ಇಲ್ಲ. ನನಗೆ ಬೇಕಾಗಿದ್ದು ಸಿಕ್ಕಿತ್ತು. ಆದರೂ ಸಂಜೆಯಾದರೆ ಸೊಪ್ಪಿನ ತಟ್ಟೆ ಹಿಡಿದು ಅಲ್ಲೇ ಹೋಗಿ ಕೂರುತ್ತಿದ್ದೆ.

ಅಂಥ ಒಂದು ಸಂಜೆ ನೀನು ಪುಸ್ತಕ ತೆಗೆದು ಒಂದು ಲೆಕ್ಕದ ಮುಂದೆ ಕೂತೆ. ಎರಡು ತ್ರಿಭುಜ, ಒಂದು ಎಡಕ್ಕೆ ಮುಖ ಮಾಡಿದೆ, ಇನ್ನೊಂದು ಬಲಕ್ಕೆ. ಇವು ಹೇಗೆ ಕೂಡುತ್ತವೆ ಎಂದು ಗೊಣಗಿದೆ. ನನಗೆ ಅವಕಾಶ ಸಿಕ್ಕಿತು. ನಾನು ನಲವತ್ತು ವರ್ಷ ರವಿಕೆ ಹೊಲಿದವಳು. ಬಟ್ಟೆ ಕತ್ತರಿಸಿದ್ದ ಎರಡು ತೋಳು ತಂದು ತೋರಿಸಿದೆ. ಎಡತೋಳು ಬಲತೋಳು ಹಾಗೇ ಇಟ್ಟರೆ ಕೂಡುವುದಿಲ್ಲ, ಒಂದನ್ನು ಮಗುಚಿ ಹಾಕಿದರೆ ಕೂಡುತ್ತದೆ. ನೀನು ಕಣ್ಣರಳಿಸಿದೆ. ನಾನು ಹಿಗ್ಗಿದೆ. ಆಗ ನೀನು, "ಟೀಚರಜ್ಜಿನೂ ಹಿಂಗೇ ಮಗುಚು ಅಂತಿದ್ರು" ಎಂದೆ. ಆಮೇಲೆ ಪೆನ್ನು ಹಿಡಿದು ಕೇಳಿದೆ, "ಕಾರಣ ಏನು ಬರೀಲಿ ಅಜ್ಜಿ?"

"ಕೂಡ್ತಲ್ಲ, ಕಣ್ಣಿಗೇ ಕಾಣ್ತಿದೆಯಲ್ಲ, ಇನ್ನೇನು ಕಾರಣ?" ಎಂದೆ.

"ಕಣ್ಣಿಗೆ ಕಂಡಿದ್ದು ಕಾರಣ ಆಗಲ್ಲ ಅಜ್ಜಿ."

ನನ್ನಲ್ಲಿ ಇದ್ದಿದ್ದು ಅಷ್ಟೇ, ಕಣ್ಣಿಗೆ ಕಂಡಿದ್ದು. ನಾನು ತೋಳುಗಳನ್ನು ಮಡಿಸಿ ಒಳಗಿಟ್ಟೆ.

ಒಂಬತ್ತನೇ ದಿನ ಶಾಲೆಯಲ್ಲಿ ಪರೀಕ್ಷೆ ಇತ್ತು. ನೀನು ಮುಖ ಊದಿಸಿಕೊಂಡು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ನಾಲ್ಕು ಮೂಲೆಯ ಒಂದು ಆಕೃತಿ, ಮಧ್ಯೆ ಕರ್ಣ ಎಳೆದು ಎರಡು ತ್ರಿಭುಜ ಮಾಡಿದ್ದಾರೆ. ಎದುರುಬದುರಿನ ಬಾಹುಗಳು ಸಮ ಎಂದು ಕೊಟ್ಟಿದ್ದಾರೆ. ಎರಡು ಜೊತೆ ಸಿಕ್ಕಿತು, ಮೂರನೆಯದು ಸಿಗಲೇ ಇಲ್ಲ ಎಂದು ಅಳತೊಡಗಿದೆ. ನಾನು ಕಲ್ಲಿನ ಹತ್ತಿರ ಕೈಯಲ್ಲಿ ಒದ್ದೆ ಸೀರೆ ಹಿಡಿದು ನಿಂತಿದ್ದೆ. ಆಗಲೇ ಅವರ ಹಿಂಬಾಗಿಲು ತೆರೆಯಿತು. ನಿನ್ನ ಅಳು ಕೇಳಿಸಿರಬೇಕು.

ನೀನು ಎದ್ದು ನಿಂತು, "ಟೀಚರಜ್ಜಿ, ಜ್ವರ ಹೋಯ್ತಾ?" ಎಂದೆ.

ನನ್ನ ಕೈಯಿಂದ ಸೀರೆ ಜಾರಿತು. ಅವರು ನನ್ನ ಕಡೆ ನೋಡಿದರು. ಬೆರಳು ಉಜ್ಜಿದರು. ಆಮೇಲೆ ನಿನ್ನ ಕಡೆ ತಿರುಗಿ, "ಹೋಯ್ತು ಕಣ್ಣು. ನಿಮ್ಮಜ್ಜಿ ದಿನಾ ಗಂಜಿ ಮಾಡಿ ಕೊಟ್ರು, ಅದಕ್ಕೇ ಬೇಗ ಹೋಯ್ತು" ಎಂದರು.

ನೀನು ಬಂದು ನನ್ನನ್ನು ತಬ್ಬಿಕೊಂಡೆ. ನಂಗೆ ಹೇಳ್ಲೇ ಇಲ್ಲವಲ್ಲ ಅಜ್ಜಿ ಎಂದೆ. ಎಷ್ಟೋ ತಿಂಗಳಿಂದ ನಾನು ಕಾದಿದ್ದ ಅಪ್ಪುಗೆ ಅದು. ಅದನ್ನೂ ಅವರೇ ಕೊಡಿಸಿದರು. ಸುಳ್ಳು ನನ್ನದು, ಅದನ್ನು ನನಗಿಂತ ಚೆನ್ನಾಗಿ ಹೇಳಿದವರೂ ಅವರೇ.

ಆಮೇಲೆ ನಿನ್ನ ಪ್ರಶ್ನೆಪತ್ರಿಕೆ ತೆಗೆದುಕೊಂಡು ನೋಡಿ, ನನ್ನ ಸೀರೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಲ್ಲಿನ ಒಣಗಿದ ಭಾಗದ ಮೇಲೆ ಆ ಆಕೃತಿ ಬರೆದರು. ಮಧ್ಯದ ಗೆರೆ ತೋರಿಸಿ, ಇದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಅದನ್ನು ಮೇಲಿನ ತ್ರಿಭುಜಕ್ಕೆ ಕೊಟ್ಟಾಗಿತ್ತಲ್ಲ, ಮತ್ತೆ ಕೆಳಗಿನದಕ್ಕೆ ಹೇಗೆ ಕೊಡುವುದು ಎಂದು ನೀನು ಹೇಳಿದೆ.

"ಕೊಟ್ರೆ ಖರ್ಚಾಗೋಗುತ್ತಾ ಮಾರಾಯ್ತಿ?" ಎಂದರು. "ಈ ಗೆರೆ ಮೇಲಿನದಕ್ಕೂ ಪೂರ್ತಿ ಸೇರಿದ್ದು, ಕೆಳಗಿನದಕ್ಕೂ ಪೂರ್ತಿ ಸೇರಿದ್ದು. ಅರ್ಧ ಅರ್ಧ ಹಂಚ್ಕೊಳ್ಳೋದಿಲ್ಲ. ಇದಕ್ಕೆ ಕಾರಣ ಏನು ಬರೀಬೇಕು? ಉಭಯಸಾಮಾನ್ಯ. ಅಷ್ಟೇ. ಬಾ ಬಾ ಬಾ ಮುಗೀತು."

ಇದನ್ನು ಅವರು ನಿನಗೆ ಹೇಳಿದರೋ ನನಗೆ ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ನನ್ನ ಕಡೆ ನೋಡಲಿಲ್ಲ. ನಾನು ಬಿದ್ದ ಸೀರೆಯನ್ನು ಎತ್ತಿಕೊಂಡು ಮತ್ತೆ ಜಾಲಿಸಿದೆ.

ಮರುದಿನ ಬೆಳಿಗ್ಗೆ ನಾನು ನಿಜವಾಗಿ ಗಂಜಿ ಮಾಡಿ, ಬದಿಗೆ ನಿಂಬೆ ಉಪ್ಪಿನಕಾಯಿ ಇಟ್ಟು, ತಟ್ಟೆ ಮುಚ್ಚಿ ತೆಗೆದುಕೊಂಡು ಹೋದೆ. ಅವರ ಮನೆಯೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಎಲ್ಲ ನಮ್ಮ ಮನೆಯ ಹಾಗೇ, ಎಡದ್ದು ಬಲಕ್ಕೆ. ಅವರು ನಿಂತೇ ಕುಡಿದರು. ನಾನು ಕಾಯುತ್ತಿದ್ದೆ. ಈಗ ಕೇಳುತ್ತಾರೆ, ಯಾಕೆ ಸುಳ್ಳು ಹೇಳಿದಿರಿ ಎಂದು. ಬಾಳೆಹಣ್ಣು ಬೇಡ ಎಂದ ಮಗುವನ್ನೂ ಬಿಡದವರು ನನ್ನನ್ನು ಬಿಡುತ್ತಾರೆಯೇ? ಬಟ್ಟಲು ಖಾಲಿ ಮಾಡಿ ಅವರು ಹೇಳಿದ್ದು ಇಷ್ಟೇ: "ಜ್ವರ ಇಲ್ಲದಾಗ ಕುಡಿದ್ರೆ ಗಂಜಿ ಎಷ್ಟು ರುಚಿ ನೋಡಿ." ನಾನು ಬಟ್ಟಲು ತೆಗೆದುಕೊಂಡು ಬಂದೆ. ಕೇಳಿದ್ದರೆ ಹೇಳಿ ಹಗುರಾಗುತ್ತಿದ್ದೆ. ಅವರು ಕೇಳಲಿಲ್ಲ. ಅದಕ್ಕೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚೇ. ಅಷ್ಟು ದೊಡ್ಡ ಮನಸ್ಸು ಒಬ್ಬರಿಗೆ ಇರಬೇಕಾದರೆ, ಪಕ್ಕದಲ್ಲಿ ನಿಂತವಳು ಎಷ್ಟು ಸಣ್ಣದಾಗಿ ಕಾಣುತ್ತಾಳೆ ಎಂದು ಅವರು ಒಮ್ಮೆಯಾದರೂ ಯೋಚಿಸಬೇಡವೇ?

ಸಿಂಚನ ಮತ್ತೆ ಪಾಠಕ್ಕೆ ಹೋಗತೊಡಗಿದಳು. ಟ್ಯೂಷನ್ನಿನ ಮಾತನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತದಲ್ಲಿ ಒಳ್ಳೆಯ ನಂಬರ್ ಬಂದಾಗ ಸ್ವೀಟಿನ ಪೊಟ್ಟಣವನ್ನು ಮೊದಲು ಆ ಮನೆಗೆ ಒಯ್ದಳು, ಆಮೇಲೆ ನನಗೆ ಕೊಟ್ಟಳು. ಇದನ್ನೂ ನಾನು ಮರೆತಿಲ್ಲ ಎಂದು ಈಗ ಹೇಳಿಬಿಡುತ್ತೇನೆ.

ಟೀಚರ ಮಂಡಿ ಪೂರ್ತಿ ಸೋತ ಮೇಲೆ ಅವರ ತಮ್ಮ ಬಂದು ಅವರನ್ನು ಭದ್ರಾವತಿಗೆ ಕರೆದುಕೊಂಡು ಹೋದರು. ಹೊರಡುವ ದಿನ ಅವರು ಹಿತ್ತಲಿಗೆ ಬಂದು ಉಳಿದ ಚಾಕ್‌ಪೀಸುಗಳ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು, "ನಿಮಗೆ ಬಟ್ಟೆ 'ಮಾರ್ಕ್' ಮಾಡೋಕೆ ಆಗುತ್ತೆ" ಎಂದರು. ಸಂಜೆ ನಾನು ಗೋಡೆಯ ಪಕ್ಕ ಕೂತು ಪಾಠ ಕೇಳುವುದು ಅವರಿಗೆ ಗೊತ್ತಿತ್ತಂತೆ. ಸೊಪ್ಪು ಬಿಡಿಸುವ ಸದ್ದು ನಿಂತರೆ ನನಗೆ ತಿಳಿಯುತ್ತಿಲ್ಲ ಎಂದು ಇನ್ನೊಂದು ಸಲ ಹೇಳುತ್ತಿದ್ದರಂತೆ. ಇದನ್ನು ಆಟೊ ಹತ್ತುವಾಗ ಹೇಳಿದರು, ನಾನು ಉತ್ತರ ಕೊಡುವ ಮೊದಲೇ ಆಟೊ ಹೊರಟಿತು. ಹೈಸ್ಕೂಲಿಗೆ ಹೋಗದ ನಾನು ಎರಡು ವರ್ಷ ಒಬ್ಬರ ವಿದ್ಯಾರ್ಥಿನಿ ಆಗಿದ್ದೆ ಎಂದು ಗೊತ್ತಾಗಿದ್ದು ಹಾಗೆ.

ಭದ್ರಾವತಿಯಲ್ಲಿ ಮಣ್ಣಿನ ದಿನ ಎಷ್ಟು ಜನ ಬಂದಿದ್ದರು ನೀವೇ ನೋಡಿದಿರಿ. ಬಸ್ ಕಂಡಕ್ಟರ್ ಸಮವಸ್ತ್ರದಲ್ಲೇ ಬಂದು ನಿಂತಿದ್ದ. ತಲೆ ನರೆತ ಗಂಡಸರು ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಯಾರೋ ಒಬ್ಬಳು ಅವರ ಬೆರಳುಗಳ ಹತ್ತಿರ ಒಂದು ಚಾಕ್‌ಪೀಸ್ ಇಟ್ಟಳು. ಅವರ ಕಾಲ ಬಳಿ ನಿಂತು ನಾನು ಏನು ಯೋಚಿಸಿದೆ ಗೊತ್ತೇ? ನಾನು ಹೋದಾಗ ಇಷ್ಟು ಜನ ಬರುವುದಿಲ್ಲ. ನೋಡಿ, ಅಲ್ಲೂ ಹೋಲಿಸಿದೆ.

ಸಿಂಚನ, ನೀನು ನೋಡಲು ಹೋಗಲಿಲ್ಲ ಎಂದು ಇನ್ನು ಅಳಬೇಡ. ನೋಡಬೇಕಾದ ಜ್ವರವೇ ಇರಲಿಲ್ಲ, ನಿನ್ನನ್ನು ತಡೆದವಳು ನಾನು. ಸಿಟ್ಟು ಬಂದರೆ ನನ್ನ ಮೇಲೆ ಮಾಡು, ಆದರೆ ಅನ್ನ ಬಿಡಬೇಡ. ಅವರು ಕೇಳದೆ ಬಿಟ್ಟಿದ್ದನ್ನು ನಾನೇ ಅವರು ಕಲಿಸಿದ ಕ್ರಮದಲ್ಲಿ ಬರೆಯುತ್ತೇನೆ. ಗೋಡೆಯ ಈ ಕಡೆಯಿಂದ ಕಲಿತದ್ದು, ತಪ್ಪಿದ್ದರೆ ತಿದ್ದು.

ಹೇಳಿಕೆ: ಟೀಚರಜ್ಜಿಗೆ ಜ್ವರ ಎಂದು ನಾನು ಸುಳ್ಳು ಹೇಳಿದೆ.
ಕಾರಣ: ಹೊಟ್ಟೆಕಿಚ್ಚು.

ಹೇಳಿಕೆ: ನೀನು ಅವರಿಗೂ ಪೂರ್ತಿ ಸೇರಿದವಳು, ನನಗೂ ಪೂರ್ತಿ ಸೇರಿದವಳು.

ಇದರ ಕಾರಣ ನನಗೆ ಗೊತ್ತು. ಆದರೆ ಬರೆಯಲು ಇನ್ನೂ ಕೈ ಬರುತ್ತಿಲ್ಲ. ಚಾಕ್‌ಪೀಸಿನ ಡಬ್ಬಿ ನನ್ನ ಹೊಲಿಗೆ ಮಿಷನ್ನಿನ ಡ್ರಾದಲ್ಲಿದೆ. ಕಲ್ಲು ಒಣಗಿದೆ. ಆ ಕಾರಣವನ್ನು ನೀನು ಹೋಗಿ ಬರೆ. ನಾನು ನೀರು ಹುಯ್ಯುವುದಿಲ್ಲ.